ಕೂಗು ಯಾರ ಕಿವಿಗೆ ಬೀಳಬೇಕು?

ಸಾವಿರಾರು ಮೈಲಿ ದೂರದ ಜನರಿಗಾಗಿ ಇಲ್ಲಿನ ಬೀದಿಯಲ್ಲಿ ಘೋಷಣೆ ಕೂಗಿದರೆ ಏನು ಬಂತು? ಕುರ್ದರ ಪರವಾದ ಮೆರವಣಿಗೆಗಳು ನಡೆದಾಗಲೆಲ್ಲ ಈ ಪ್ರಶ್ನೆ ಏಳುತ್ತದೆ. 2014ರ ನವೆಂಬರ್ 1ರಂದು ಹಲವು ದೇಶಗಳ ನಗರಗಳಲ್ಲಿ ಒಂದೇ ದಿನ, ಒಂದೇ ಊರಿನ ಪರವಾಗಿ ಜನ ಬೀದಿಗಿಳಿದಾಗಲೂ ಇದೇ ಮಾತು ಕೇಳಿಬಂತು. ಆ ಊರು ಸಿರಿಯಾದ ಉತ್ತರ ಅಂಚಿನ ಕೊಬಾನಿ. ಸೆಪ್ಟೆಂಬರ್‌ನಿಂದ ಇಸ್ಲಾಮಿಕ್ ಸ್ಟೇಟ್ ಪಡೆ ಅದನ್ನು ಮುತ್ತಿತ್ತು. ಅಲ್ಲಿ ಗಡಿ ಎಂದರೆ ಒಂದು ರೈಲು ಹಳಿ. ಹಳಿಯ ಆಚೆ ಕುರ್ದ್ ಹೆಣ್ಣುಮಕ್ಕಳೂ ಗಂಡಸರೂ ಹಗುರ ಬಂದೂಕು ಹಿಡಿದು ಬೀದಿ ಬೀದಿಯಲ್ಲಿ ಕಾದುತ್ತಿದ್ದರು. ಈಚೆ, ಟರ್ಕಿಯ ಸುರುಚ್ ಬಳಿಯ ಗುಡ್ಡಗಳ ಮೇಲೆ ಅವರ ಬಂಧುಬಳಗ ದುರ್ಬೀನು ಹಿಡಿದು ಹೊಗೆ ಏಳುವುದನ್ನು ನೋಡುತ್ತಿತ್ತು. ಗಡಿಯುದ್ದಕ್ಕೂ ನಿಂತಿದ್ದ ಟರ್ಕಿಯ ಟ್ಯಾಂಕುಗಳು ಕದಲಲಿಲ್ಲ.

ಮೆರವಣಿಗೆಯಿಂದ ಬಂದೂಕು ನಿಲ್ಲುವುದಿಲ್ಲ. 2015ರ ಜನವರಿಯಲ್ಲಿ ಕೊಬಾನಿ ಬಿಡುಗಡೆಯಾದದ್ದು ಹೋರಾಡಿದವರ ಬಲಿದಾನದಿಂದ ಮತ್ತು ಅಮೆರಿಕ ನೇತೃತ್ವದ ವಿಮಾನದಾಳಿಯಿಂದ. ಆದರೂ ಇಂಥ ಮೆರವಣಿಗೆ ವ್ಯರ್ಥವೆಂದು ನಾನು ಒಪ್ಪಲಾರೆ. ಅದರ ಬೆಲೆ ಗೊತ್ತಾಗಬೇಕಾದರೆ, ಆ ಕೂಗು ಯಾರನ್ನು ಉದ್ದೇಶಿಸಿದ್ದು ಎಂಬುದನ್ನು ಮೊದಲು ಕೇಳಿಕೊಳ್ಳಬೇಕು.

ಸುಮಾರು 3 ಕೋಟಿ ಕುರ್ದರು ಟರ್ಕಿ, ಇರಾನ್, ಇರಾಕ್, ಸಿರಿಯಾಗಳಲ್ಲಿ ಹಂಚಿಹೋಗಿದ್ದಾರೆ. ಮೊದಲ ಮಹಾಯುದ್ಧ ಮುಗಿದ ಮೇಲೆ, 1920ರ ಸೆವ್ರ್ ಒಪ್ಪಂದ ಅವರಿಗೆ ಸ್ವಾಯತ್ತತೆಯ ಭರವಸೆ ಕೊಟ್ಟಿತ್ತು. 1923ರ ಲೊಸಾನ್ ಒಪ್ಪಂದದಲ್ಲಿ ಅದರ ಸುಳಿವೇ ಇರಲಿಲ್ಲ. ಅಂದಿನಿಂದ ಅವರ ಅಳಲು ನಾಲ್ಕೂ ದೇಶಗಳ ಪಾಲಿಗೆ ‘ಆಂತರಿಕ ವಿಷಯ’. ಟರ್ಕಿಯಲ್ಲಿ 1983ರ ಕಾನೂನೊಂದು ಕುರ್ದಿಷ್ ಭಾಷೆಯ ಬಾಯಿ ಕಟ್ಟಿತು. ಅದು ರದ್ದಾದದ್ದು 1991ರಲ್ಲಿ. ಅದೇ ವರ್ಷ ಸಂಸತ್ತಿಗೆ ಆಯ್ಕೆಯಾದ ಲೇಲಾ ಜಾನಾ ಪ್ರಮಾಣವಚನದ ಕೊನೆಗೆ ಟರ್ಕರ ಮತ್ತು ಕುರ್ದರ ಸೋದರತ್ವದ ಬಗ್ಗೆ ತಮ್ಮ ಭಾಷೆಯಲ್ಲಿ ಒಂದು ವಾಕ್ಯ ಹೇಳಿದರು. ಸಭೆ ರೊಚ್ಚಿಗೆದ್ದಿತು. 1994ರಲ್ಲಿ ಬಂಧನಕ್ಕೊಳಗಾದ ಅವರು 2004ರವರೆಗೆ ಜೈಲಿನಲ್ಲಿದ್ದರು. ವಿಶ್ವಸಂಸ್ಥೆಯಲ್ಲಿ ಕುರ್ಚಿಯಿಲ್ಲದ, ರಾಯಭಾರ ಕಚೇರಿಯಿಲ್ಲದ, ತಮ್ಮ ಸಂಸತ್ತಿನಲ್ಲೇ ಬಾಯಿ ಬಿಡಲಾಗದ ಜನಕ್ಕೆ ಪರದೇಶದ ಬೀದಿಯೇ ಗತಿಯಾದರೆ ಅದರಲ್ಲಿ ಆಶ್ಚರ್ಯವಿಲ್ಲ.

ಪರದೇಶದವರಿಗೆ ಇದರಲ್ಲಿ ಏನು ಕೆಲಸ ಎನ್ನುವವರು ಹಲಬ್ಜಾದ ಕಥೆಯನ್ನು ನೆನೆಯಬೇಕು. 1988ರ ಮಾರ್ಚ್ 16ರಂದು ಸದ್ದಾಂ ಹುಸೇನರ ವಿಮಾನಗಳು ಇರಾಕಿನ ಆ ಕುರ್ದ್ ಪಟ್ಟಣದ ಮೇಲೆ ವಿಷಾನಿಲ ಸುರಿದವು. ಸುಮಾರು 5,000 ಜನ ಸತ್ತರು. ಮನೆಬಾಗಿಲಲ್ಲಿ, ದಾರಿಯಲ್ಲಿ, ಮಕ್ಕಳನ್ನು ಅವುಚಿಕೊಂಡಂತೆಯೇ. ಆಗ ಇರಾನಿನ ವಿರುದ್ಧ ಇರಾಕ್ ಬೇಕಾಗಿದ್ದುದರಿಂದ ದೊಡ್ಡ ರಾಷ್ಟ್ರಗಳು ಬಾಯಿಮುಚ್ಚಿಕೊಂಡವು. ಆದರೆ ಆ ವಿಷದ ಕಚ್ಚಾವಸ್ತು ಇರಾಕಿನಲ್ಲಿ ಹುಟ್ಟಿದ್ದಾಗಿರಲಿಲ್ಲ. ಸದ್ದಾಂ ಆಡಳಿತಕ್ಕೆ ಸಾಸಿವೆ ಅನಿಲದ ರಾಸಾಯನಿಕ ಮಾರಿದ ಡಚ್ ವ್ಯಾಪಾರಿ ಫ್ರಾನ್ಸ್ ವಾನ್ ಆನ್ರಾಟ್‌ಗೆ 2005ರಲ್ಲಿ ಹೇಗ್‌ನ ನ್ಯಾಯಾಲಯ ಯುದ್ಧಾಪರಾಧದಲ್ಲಿ ಭಾಗಿಯಾದದ್ದಕ್ಕೆ 15 ವರ್ಷ ಸೆರೆವಾಸ ವಿಧಿಸಿತು. ಮೇಲ್ಮನವಿಯಲ್ಲಿ ಅದು 17 ವರ್ಷಕ್ಕೆ ಏರಿತು. ಹೀಗಿರುವಾಗ ಹಲಬ್ಜಾಗಾಗಿ ಹೇಗ್‌ನಲ್ಲಿ ಕೂಗಿದವರು ಪರರ ಮನೆಯ ವಿಚಾರಕ್ಕೆ ತಲೆಹಾಕಿದಂತಾಯಿತೇ? ಅವರು ಕೇಳಿದ್ದು ತಮ್ಮದೇ ದೇಶದ ವ್ಯಾಪಾರಿಯ, ತಮ್ಮದೇ ಮಾರುಕಟ್ಟೆಯ ಲೆಕ್ಕ.

2018ರ ಜನವರಿಯಲ್ಲಿ ಟರ್ಕಿ ಸಿರಿಯಾದ ಕುರ್ದ್ ಪ್ರದೇಶ ಆಫ್ರಿನ್ ಮೇಲೆ ನುಗ್ಗಿದಾಗಲೂ ಇದೇ ಆಯಿತು. ಚಿತ್ರಗಳಲ್ಲಿ ಕಂಡವು ಜರ್ಮನಿಯಲ್ಲಿ ತಯಾರಾದ ಲೆಪರ್ಡ್ ಟ್ಯಾಂಕುಗಳು. ಜರ್ಮನಿಯ ಬೀದಿಯಲ್ಲಿ ನಿಂತ ಕುರ್ದನಿಗೆ, ಅವನ ಪಕ್ಕ ನಿಂತ ಜರ್ಮನ್ ಕಾರ್ಮಿಕನಿಗೆ ಆಗ ಕೇಳಬೇಕಾದ ಪ್ರಶ್ನೆ ಕಣ್ಣೆದುರೇ ಇತ್ತು. ಆ ಟ್ಯಾಂಕುಗಳನ್ನು ನವೀಕರಿಸಿಕೊಡುವ ತೀರ್ಮಾನವನ್ನು ಬರ್ಲಿನ್ ಮುಂದೂಡಿತು. 2019ರ ಅಕ್ಟೋಬರ್ 9ರಂದು, ಅಮೆರಿಕದ ಸೈನಿಕರು ಗಡಿಯಿಂದ ಹಿಂದೆ ಸರಿದ ಬೆನ್ನಿಗೇ, ಟರ್ಕಿ ಮತ್ತೆ ದಾಳಿ ಮಾಡಿತು. ಯುರೋಪಿನ ಊರೂರುಗಳಲ್ಲಿ ಜನ ಸೇರಿದರು. ಜರ್ಮನಿ, ಫ್ರಾನ್ಸ್, ನೆದರ್ಲೆಂಡ್ಸ್, ನಾರ್ವೆ, ಫಿನ್ಲೆಂಡ್ ಮುಂತಾದ ದೇಶಗಳು ಟರ್ಕಿಗೆ ಶಸ್ತ್ರ ರಫ್ತಿಗೆ ಕಡಿವಾಣ ಹಾಕಿದವು. ಅದರಿಂದ ಸಿರಿಯಾದ ಗಡಿಯಲ್ಲಿನ ಸೆರೆಕಾನಿಯೆ ಪಟ್ಟಣ ಉಳಿಯಲಿಲ್ಲ, ಸಾವಿರಾರು ಕುಟುಂಬಗಳು ಊರು ಬಿಟ್ಟವು. ಫಲ ಅಲ್ಪ, ನಿಜ. ಆದರೆ ಕೂಗು ತಲುಪಬೇಕಾದ ಕಡೆ ತಲುಪಿತು. ಅಂಕಾರಾವನ್ನು ಬೈಯುವುದು ಸುಲಭ. ಅಂಕಾರಾಕ್ಕೆ ಆಯುಧ ಕೊಟ್ಟ ತನ್ನ ಮಂತ್ರಿಯನ್ನು ಹಿಡಿದು ಕೇಳುವುದೇ ಪ್ರಜೆಯ ಕೆಲಸ. ಹಲವು ನಗರಗಳಲ್ಲಿ ಒಂದೇ ದಿನ ಕೇಳಿದರೆ, ‘ಪಕ್ಕದ ದೇಶ ಮಾರುತ್ತಿದೆಯಲ್ಲ’ ಎಂಬ ನೆಪವೂ ಯಾವ ಸರ್ಕಾರಕ್ಕೂ ಉಳಿಯುವುದಿಲ್ಲ.

ಈ ಮೆರವಣಿಗೆಗಳ ಮರೆಯಲ್ಲಿ ಸಶಸ್ತ್ರ ಸಂಘಟನೆಗಳು ಬೆಳೆಯುತ್ತವೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಟರ್ಕಿಯ ವಿರುದ್ಧ ಆಯುಧ ಹಿಡಿದ ಕುರ್ದ್ ಸಂಘಟನೆ ಪಿಕೆಕೆಯನ್ನು ಟರ್ಕಿ ಮಾತ್ರವಲ್ಲ, ಅಮೆರಿಕ ಮತ್ತು ಯುರೋಪಿಯನ್ ಒಕ್ಕೂಟವೂ ಭಯೋತ್ಪಾದಕರ ಪಟ್ಟಿಗೆ ಸೇರಿಸಿದ್ದವು. ಅದರ ನಾಯಕ ಅಬ್ದುಲ್ಲಾ ಒಜಲಾನ್ 1999ರ ಫೆಬ್ರವರಿಯಲ್ಲಿ ಸೆರೆಸಿಕ್ಕಾಗ ಯುರೋಪಿನಾದ್ಯಂತ ರಾಯಭಾರ ಕಚೇರಿಗಳಿಗೆ ಜನ ನುಗ್ಗಿದರು. ಬರ್ಲಿನ್ನಿನಲ್ಲಿ ಪ್ರತಿಭಟನಕಾರರ ಪ್ರಾಣವೇ ಹೋಯಿತು. ಒಂದು ಜನಾಂಗದ ಪರ ನಿಲ್ಲುವುದೆಂದರೆ ಒಬ್ಬ ನಾಯಕನಿಗೆ ವಿವೇಕವನ್ನು ಒಪ್ಪಿಸಿಬಿಡುವುದಲ್ಲ. ಮಗುವಿಗೆ ತಾಯ್ನುಡಿಯಲ್ಲಿ ಪಾಠ ಬೇಕೆನ್ನುವ ಟರ್ಕಿಯ ದಿಯಾರ್‌ಬಕಿರ್‌ನ ತಂದೆಯ ಹಕ್ಕು ಯಾವ ಸಂಘಟನೆಯ ಆಸ್ತಿಯೂ ಅಲ್ಲ. ಅದೇ ಅಳತೆಗೋಲು ಕುರ್ದ್ ಆಳುಗರಿಗೂ ಸಲ್ಲಬೇಕು. 2011ರಲ್ಲಿ ಇರಾಕಿ ಕುರ್ದಿಸ್ತಾನದ ಸುಲೇಮಾನಿಯಾದಲ್ಲಿ ಭ್ರಷ್ಟಾಚಾರದ ವಿರುದ್ಧ ಎದ್ದ ಕುರ್ದ್ ಯುವಕರ ಮೇಲೆ ಗುಂಡು ಹಾರಿಸಿದವರೂ ಕುರ್ದರೇ. ಅವರ ಬಗ್ಗೆ ಸುಮ್ಮನಿರುವ ಬೆಂಬಲ ಕುರುಡು ಬೆಂಬಲ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ನಮ್ಮ ಮರೆವು. 2014ರಲ್ಲಿ ಪತ್ರಿಕೆಗಳ ಮುಖಪುಟದಲ್ಲಿ ಬಂದೂಕು ಹಿಡಿದ ಕುರ್ದ್ ಹುಡುಗಿಯರ ಚಿತ್ರಗಳು ಮೆರೆದವು. ಮರುವರ್ಷ ಜುಲೈನಲ್ಲಿ, ಕೊಬಾನಿಯನ್ನು ಮತ್ತೆ ಕಟ್ಟಲು ಹೊರಟು ಸುರುಚ್‌ನಲ್ಲಿ ಸೇರಿದ್ದ ಯುವಜನರ ನಡುವೆ ಬಾಂಬು ಸಿಡಿದು 30ಕ್ಕೂ ಹೆಚ್ಚು ಮಂದಿ ಸತ್ತರು. ಅವರನ್ನು ಇಂದು ಎಷ್ಟು ಜನ ನೆನೆಯುತ್ತಾರೆ? 2022ರಲ್ಲಿ ಇರಾನಿನ ಸಕ್ಕೆಜ್ ಊರಿನ ಕುರ್ದ್ ಯುವತಿ ಜೀನಾ ಮಹ್ಸಾ ಅಮಿನಿ ಪೊಲೀಸ್ ವಶದಲ್ಲಿ ಸತ್ತಾಗ ಬರ್ಲಿನ್ನಿನಲ್ಲಿ ಒಂದೇ ದಿನ ಸುಮಾರು 80,000 ಜನ ಸೇರಿದ್ದರು. ಅವಳ ಶವಸಂಸ್ಕಾರದಲ್ಲಿ ಹೆಂಗಸರು ಕೂಗಿದ ‘ಮಹಿಳೆ, ಬದುಕು, ಸ್ವಾತಂತ್ರ್ಯ’ ಎಂಬ ಘೋಷಣೆ ಕುರ್ದ್ ಮಹಿಳಾ ಚಳವಳಿಯಿಂದ ಬಂದದ್ದು. ಆ ಜನಸಾಗರವೂ ಕೆಲ ತಿಂಗಳಲ್ಲಿ ಇಳಿಯಿತು.

2025ರ ಮೇ 12ರಂದು ಪಿಕೆಕೆ ತನ್ನನ್ನು ವಿಸರ್ಜಿಸುವುದಾಗಿ ಘೋಷಿಸಿತು. ಬಂದೂಕು ಕೆಳಗಿಟ್ಟ ಮೇಲೂ ಶಾಲೆಯಲ್ಲಿ ಭಾಷೆ, ಜೈಲಿನಲ್ಲಿರುವ ರಾಜಕೀಯ ಕೈದಿಗಳು, ಗೆದ್ದ ಮೇಯರ್‌ಗಳನ್ನು ಕಿತ್ತುಹಾಕಿ ಆಡಳಿತಾಧಿಕಾರಿಗಳನ್ನು ಕೂರಿಸುವ ಪದ್ಧತಿ ಇವೆಲ್ಲ ಇದ್ದಲ್ಲೇ ಇರುತ್ತವೆ. ಈ ಮಾತುಗಳು ಇತ್ಯರ್ಥವಾಗುವುದು ಕ್ಯಾಮೆರಾಗಳಿಲ್ಲದ ಕೋಣೆಗಳಲ್ಲಿ. ಆದ್ದರಿಂದ ಕುರ್ದರ ಪರ ಒಮ್ಮೆಯಾದರೂ ಮಿಡಿದ ಪ್ರತಿಯೊಬ್ಬರಲ್ಲೂ ನನ್ನ ಕೋರಿಕೆ ಇಷ್ಟೇ: ಹೆಣ ಬಿದ್ದ ದಿನ ಮಾತ್ರ ಬೀದಿಗೆ ಬರಬೇಡಿ. ನಿಮ್ಮ ಸರ್ಕಾರ ಯಾರಿಗೆ ಏನು ಮಾರುತ್ತಿದೆ, ಯಾವ ನಿರಾಶ್ರಿತರನ್ನು ಹಿಂದಕ್ಕೆ ಕಳಿಸುತ್ತಿದೆ, ಯಾವ ಸಭೆಯಲ್ಲಿ ಮೌನವಾಗಿದೆ ಎಂದು ಯುದ್ಧವಿಲ್ಲದ ದಿನಗಳಲ್ಲೂ ಕೇಳುತ್ತಿರಿ.