ಫಲಿತಾಂಶಕ್ಕೆ ಮುಂಚಿನ ಮೂರು ವರ್ಷ

ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದ ಬಳಿಕ ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿ ಒಂದು ಭಾನುವಾರ ಪ್ರತಿಭಾ ಪುರಸ್ಕಾರ ನಡೆಯುವುದು ರೂಢಿ. ಬಲಿಪೂಜೆಯ ನಂತರ ಹೆಚ್ಚಿನ ಅಂಕ ಗಳಿಸಿದ ಮಕ್ಕಳನ್ನು ಹೆಸರು ಹಿಡಿದು ಕರೆದು, ಹೂಗುಚ್ಛ ಹಾಗೂ ನಗದು ಬಹುಮಾನ ನೀಡಿ ಗೌರವಿಸಲಾಗುತ್ತದೆ. ಇದು ಮೆಚ್ಚತಕ್ಕ ಸಂಪ್ರದಾಯವೇ. ಆದರೆ ಅದೇ ದೇವಾಲಯದ ಹಿಂದಿನ ಬೆಂಚಿನಲ್ಲಿ, ಹೇಗೋ ತೇರ್ಗಡೆಯಾದ ಅಥವಾ ಗಣಿತವೊಂದರಲ್ಲಿ ಅನುತ್ತೀರ್ಣನಾದ ಹುಡುಗನೊಬ್ಬ ತಲೆ ತಗ್ಗಿಸಿ ಕುಳಿತಿರುತ್ತಾನೆ. ಕೆಲವೊಮ್ಮೆ ಅಂದು ಪೂಜೆಗೇ ಬಂದಿರುವುದಿಲ್ಲ. ಅವನ ಬಗ್ಗೆ ನಾವು ಯೋಚಿಸುವುದು ಆ ದಿನ ಮಾತ್ರ, ಅದೂ ಕನಿಕರದಿಂದ. ಅವನು ಹಿಂದುಳಿಯಲಾರಂಭಿಸಿದ್ದು ಮೂರು ವರ್ಷಗಳ ಹಿಂದೆ ಎಂಬುದನ್ನು ಮನೆಯವರಾಗಲಿ ಶಾಲೆಯವರಾಗಲಿ ಗಮನಿಸಿರುವುದಿಲ್ಲ.

ಏಳನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತು ಎಂಟನೆಯ ತರಗತಿಗೆ ಆಂಗ್ಲ ಮಾಧ್ಯಮ ಸೇರುವ ಮಕ್ಕಳು ನಮ್ಮಲ್ಲಿ ಬಹಳ. ಕರಾವಳಿಯ ಕುಟುಂಬವಾದರೆ ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ; ಇದರ ಮೇಲೆ ಹದಿಮೂರನೆಯ ವಯಸ್ಸಿಗೆ ವಿಜ್ಞಾನ, ಗಣಿತ, ಸಮಾಜಗಳೆಲ್ಲ ಒಮ್ಮೆಲೇ ಇಂಗ್ಲಿಷಿಗೆ ತಿರುಗುತ್ತವೆ. ನಿನ್ನೆಯವರೆಗೆ ದ್ಯುತಿಸಂಶ್ಲೇಷಣೆಯನ್ನು ಚಿತ್ರ ಬರೆದು ವಿವರಿಸುತ್ತಿದ್ದ ಹುಡುಗನಿಗೆ ಇಂದು ಫೋಟೋಸಿಂಥೆಸಿಸ್ ಎಂಬ ಪದವನ್ನು ಓದಲೂ ಕಷ್ಟ. ತರಗತಿಯಲ್ಲಿ ಎದ್ದು ಪ್ರಶ್ನೆ ಕೇಳಲು ನಾಚಿಕೆ. ಮೊದಲ ಕಿರುಪರೀಕ್ಷೆಯಲ್ಲಿ ಅಂಕ ಇಳಿಯುತ್ತದೆ. ಅರ್ಧವಾರ್ಷಿಕ ಪರೀಕ್ಷೆಯ ಹೊತ್ತಿಗೆ ಪ್ರಗತಿ ಪತ್ರವನ್ನು ಮನೆಯಲ್ಲಿ ತೋರಿಸಲು ಹೆದರಿಕೆ ಹುಟ್ಟುತ್ತದೆ. ತಂದೆ ‘ಸೋಮಾರಿ’ ಎನ್ನುತ್ತಾರೆ, ಚಿಕ್ಕಪ್ಪನ ಮಗಳೊಡನೆ ಹೋಲಿಸುತ್ತಾರೆ, ಇನ್ನೊಂದು ಟ್ಯೂಷನ್‌ಗೆ ಸೇರಿಸುತ್ತಾರೆ, ಮೊಬೈಲ್ ಕಸಿದುಕೊಳ್ಳುತ್ತಾರೆ. ನಿಜವಾದ ಕಾರಣ ಮಾತ್ರ ಹಾಗೆಯೇ ಉಳಿಯುತ್ತದೆ. ಮಗು ತಾನು ದಡ್ಡನೆಂದು ನಂಬಲು ಇಷ್ಟು ಸಾಕು.

ಇಂಥಲ್ಲಿ ನೆರವಿಗೆ ಬರಬೇಕಾದವರು ಶಾಲೆಯ ಆಪ್ತ ಸಮಾಲೋಚಕರು. ಕನ್ನಡಕ ಬೇಕಾದ ಮಗು ಯಾವುದು, ಭಾಷೆಯಿಂದ ತೊಡಕಿಗೆ ಸಿಲುಕಿದ ಮಗು ಯಾವುದು, ಡಿಸ್ಲೆಕ್ಸಿಯಾದಂತಹ ಕಲಿಕಾ ನ್ಯೂನತೆ ಯಾರಿಗಿದೆ, ಮನೆಯ ಕಲಹದಿಂದ ನಿದ್ದೆಗೆಟ್ಟವರು ಯಾರು ಎಂದು ವಿಂಗಡಿಸಿ ನೋಡುವುದು ಅವರ ಕೆಲಸ. ಇದನ್ನು ಎಂಟನೆಯ ತರಗತಿಯಲ್ಲಿಯೇ ಮಾಡಬೇಕು. ಕಲಿಕಾ ನ್ಯೂನತೆಯುಳ್ಳ ಮಕ್ಕಳಿಗೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ, ಲಿಪಿಕಾರರ ನೆರವು ಮುಂತಾದ ರಿಯಾಯಿತಿಗಳಿವೆ. ಆದರೆ ಅದಕ್ಕೆ ತಜ್ಞರ ಪ್ರಮಾಣಪತ್ರ ಬೇಕು. ಪರೀಕ್ಷೆ ಹತ್ತಿರವಾದಾಗ ಓಡಾಡಿದರೆ ಪ್ರಯೋಜನವಿಲ್ಲ.

ಸಮಾಲೋಚಕರ ನೇಮಕ ಈಗ ಶಾಲೆಯ ಇಷ್ಟಕ್ಕೆ ಬಿಟ್ಟ ವಿಷಯವಾಗಿ ಉಳಿದಿಲ್ಲ. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳು ಕನಿಷ್ಠ ಒಬ್ಬ ಅರ್ಹ ಸಮಾಲೋಚಕರನ್ನೋ ಮನಃಶಾಸ್ತ್ರಜ್ಞರನ್ನೋ ಸಮಾಜ ಕಾರ್ಯಕರ್ತರನ್ನೋ ಹೊಂದಿರಬೇಕೆಂದು ಸರ್ವೋಚ್ಚ ನ್ಯಾಯಾಲಯ 2025ರ ಜುಲೈ ತಿಂಗಳಲ್ಲಿ ಆದೇಶಿಸಿದೆ. ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಡನೆ ಸಂಪರ್ಕ ಇಟ್ಟುಕೊಳ್ಳಬೇಕು. ಅಂಕಗಳ ಆಧಾರದಿಂದ ಮಕ್ಕಳನ್ನು ಬೇರೆ ಬೇರೆ ತಂಡಗಳಾಗಿ ಒಡೆಯುವುದು, ಎಲ್ಲರೆದುರು ಅವಮಾನಿಸುವುದು ಸಲ್ಲದು ಎಂದೂ ಅದೇ ಆದೇಶ ಹೇಳುತ್ತದೆ. ನಮ್ಮ ಮಕ್ಕಳ ಶಾಲೆಯಲ್ಲಿ ಈ ವ್ಯವಸ್ಥೆ ಇದೆಯೇ ಎಂದು ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಎದ್ದು ಕೇಳುವುದು ಹೆತ್ತವರ ಹಕ್ಕು.

ಹೆತ್ತವರ ಕಡೆಯ ಕೊರತೆಯನ್ನೂ ಒಪ್ಪಿಕೊಳ್ಳಬೇಕು. ಸಮಾಲೋಚಕರು ಕರೆ ಕಳುಹಿಸಿದರೆ ‘ನಮ್ಮ ಮಗುವಿಗೇನು ಹುಚ್ಚೇ?’ ಎಂದು ಸಿಡಿಮಿಡಿಗೊಳ್ಳುವವರು ಇನ್ನೂ ಇದ್ದಾರೆ. ಮಗು ಒಳಗೆ ಏನು ಹೇಳಿತೆಂದು ಹೊರಗೆ ಕಾದು ಕುಳಿತು ವಿಚಾರಿಸುವವರೂ ಇದ್ದಾರೆ. ಪ್ರಾಣಕ್ಕೆ ಅಪಾಯವಿರುವ ಅಥವಾ ಯಾರಾದರೂ ಪೀಡಿಸುತ್ತಿರುವ ಸಂದರ್ಭದ ಹೊರತು ಮಗುವಿನ ಮಾತು ಗೋಪ್ಯವಾಗಿರಬೇಕು. ಆ ಭರವಸೆ ಇಲ್ಲವಾದರೆ ಅದು ಬಾಯಿ ಬಿಡುವುದಿಲ್ಲ. ಸಮಾಲೋಚಕರೂ ಅಷ್ಟೇ, ಹೆತ್ತವರನ್ನು ದೂರು ಹೇಳುವುದಕ್ಕಷ್ಟೇ ಕರೆಯಬಾರದು. ಮಗುವಿನಲ್ಲಿ ಕಂಡ ಒಳ್ಳೆಯದೊಂದನ್ನು ಮೊದಲು ಹೇಳಿದರೆ ಮುಂದಿನ ಮಾತನ್ನು ತಂದೆ ತಾಯಿ ತಾಳ್ಮೆಯಿಂದ ಕೇಳುತ್ತಾರೆ.

ಮನೆಯಲ್ಲಿ ಆಗಬೇಕಾದುದು ದೊಡ್ಡದೇನಲ್ಲ. ಸಂಜೆಯ ಜಪಸರ ಮುಗಿದ ಮೇಲೆ ಹತ್ತು ನಿಮಿಷ ಮಗುವಿನ ಜೊತೆ ಕುಳಿತು, ಅಂಕದ ಮಾತೆತ್ತದೆ, ದಿನ ಹೇಗೆ ಕಳೆಯಿತೆಂದು ಕೇಳಬಹುದು. ಗಲ್ಫಿನಲ್ಲಿ ದುಡಿಯುವ ತಂದೆ ವಾರಕ್ಕೊಮ್ಮೆ ಫೋನಿನಲ್ಲಿ ಮುಖ ನೋಡಿದಾಗ ‘ಎಷ್ಟು ಬಂತು?’ ಎಂಬ ಪ್ರಶ್ನೆಯೊಂದನ್ನೇ ಕೇಳಿದರೆ ಮಗು ಬರಬರುತ್ತಾ ಫೋನಿನ ಬಳಿ ಬರುವುದನ್ನೇ ಬಿಟ್ಟೀತು. ಊಟ ಸೇರದಿರುವುದು, ಗೆಳೆಯರಿಂದ ದೂರವಾಗುವುದು, ‘ನಾನಿದ್ದು ಏನು ಪ್ರಯೋಜನ’ ಎಂಬ ಮಾತು ಕಂಡರೆ ತಡಮಾಡಬಾರದು. ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳು ಉಚಿತವಾಗಿ ದೊರೆಯುತ್ತದೆ. ಮಕ್ಕಳ ಸಹಾಯವಾಣಿ 1098. ಈ ಎರಡು ಸಂಖ್ಯೆಗಳು ಪ್ರತಿ ಮನೆಯ ಕ್ಯಾಲೆಂಡರಿನ ಮೇಲೆ ಬರೆದಿರಲಿ.

ಒಂಬತ್ತನೆಯ ತರಗತಿಯಲ್ಲಿ ಮುಂದಿನ ದಾರಿಯ ಕುರಿತು ಹೆತ್ತವರು, ಮಗು, ಸಮಾಲೋಚಕರು ಮೂವರೂ ಒಟ್ಟಿಗೆ ಕುಳಿತು ಮಾತನಾಡಬೇಕು. ಪಿಯುಸಿ ವಿಜ್ಞಾನವೊಂದೇ ಗೌರವದ ದಾರಿ ಎಂಬ ಭಾವನೆ ಎಷ್ಟೋ ಮಕ್ಕಳನ್ನು ದಣಿಸಿದೆ. ವಾಣಿಜ್ಯ ಮತ್ತು ಕಲಾ ವಿಭಾಗಗಳಿವೆ, ಐಟಿಐ ಇದೆ. ಮೂರು ವರ್ಷದ ಡಿಪ್ಲೊಮಾ ಮುಗಿಸಿದವರು ಪ್ರವೇಶ ಪರೀಕ್ಷೆ ಬರೆದು ಇಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. 2024ರಿಂದ ಎಸ್ಸೆಸ್ಸೆಲ್ಸಿಯನ್ನು ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಬರೆದು ಉತ್ತಮ ಅಂಕವನ್ನು ಉಳಿಸಿಕೊಳ್ಳುವ ಅವಕಾಶವೂ ಬಂದಿದೆ. ಒಮ್ಮೆ ಎಡವಿದರೆ ಬಾಳೇ ಮುಗಿಯಿತೆಂದು ಯಾವ ಮಗುವೂ ತಿಳಿಯಬೇಕಾಗಿಲ್ಲ. ಈ ಮಾತನ್ನು ಫಲಿತಾಂಶದ ದಿನ ಸಮಾಧಾನಕ್ಕೆಂದು ಹೇಳುವ ಬದಲು ಪರೀಕ್ಷೆಗೆ ಬಹಳ ಮುಂಚೆಯೇ ಹೇಳುವುದು ಲೇಸು.

ಕೊನೆಯದಾಗಿ ನಮ್ಮ ಧರ್ಮಕೇಂದ್ರಗಳಿಗೆ ಒಂದು ವಿನಂತಿ. ಪ್ರತಿಭಾ ಪುರಸ್ಕಾರದ ಭಾನುವಾರ ಹತ್ತನೆಯ ತರಗತಿ ಮುಗಿಸಿದ ಎಲ್ಲ ಮಕ್ಕಳನ್ನೂ ಮುಂದೆ ಕರೆದು ಆಶೀರ್ವದಿಸೋಣ. ಬಹುಮಾನ ಆಮೇಲೆ ಇರಲಿ. ಪ್ರತಿ ಜೂನ್ ತಿಂಗಳಲ್ಲಿ ಎಂಟನೆಯ ತರಗತಿಗೆ ಕಾಲಿಟ್ಟ ಮಕ್ಕಳ ಹೆತ್ತವರನ್ನು ಒಂದು ಸಂಜೆ ಸಭಾಭವನದಲ್ಲಿ ಸೇರಿಸಿ, ಶಾಲೆಯ ಸಮಾಲೋಚಕರೊಡನೆ ಮುಖಾಮುಖಿ ಮಾತನಾಡುವ ಅವಕಾಶ ಕಲ್ಪಿಸೋಣ. ಅದಕ್ಕೆ ಖರ್ಚಾಗುವುದು ಒಂದು ಲೋಟ ಚಹಾ ಮಾತ್ರ. ಹಿಂದಿನ ಬೆಂಚಿನಲ್ಲಿ ಕುಳಿತ ಆ ಹುಡುಗನಿಗೆ ನಾವು ಸಕಾಲದಲ್ಲಿ ಮಾಡಬಹುದಾದ ಉಪಕಾರ ಇದೇ.