ಸೈನಿಕನ ಬೆನ್ನುನೋವು, ಮನೆಯವರ ಮನಸ್ಸು

2016ರ ಫೆಬ್ರುವರಿಯಲ್ಲಿ ಸಿಯಾಚಿನ್ ಹಿಮದಡಿ ಆರು ದಿನ ಜೀವ ಹಿಡಿದಿದ್ದ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಅವರಿಗಾಗಿ ಇಡೀ ಕರ್ನಾಟಕ ಹರಕೆ ಹೊತ್ತಿತು. ಅಂಥದೇ ಚಳಿಯಲ್ಲಿ, ಅಂಥದೇ ಹೊರೆ ಹೊತ್ತು ದುಡಿದು ಊರಿಗೆ ಮರಳಿದವರ ಸೊಂಟ, ಮಂಡಿಗಳ ಬಗ್ಗೆ ನಾವು ವಿಚಾರಿಸುವುದೂ ಇಲ್ಲ. ಮೂರು ತಿಂಗಳು ಮೀರಿಯೂ ಬಿಡದ ನೋವನ್ನು ವೈದ್ಯರು ದೀರ್ಘಕಾಲಿಕ ನೋವು ಎನ್ನುತ್ತಾರೆ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣವು ನೋವೇ ಒಂದು ಕಾಯಿಲೆಯಾಗಬಹುದೆಂದು ಒಪ್ಪಿದೆ. ನೋವು ನಿದ್ದೆ ಕೆಡಿಸುತ್ತದೆ, ನಿದ್ದೆಗೆಟ್ಟ ಮನಸ್ಸು ಕುಗ್ಗುತ್ತದೆ, ಕುಗ್ಗಿದ ಮನಸ್ಸಿಗೆ ನೋವು ಇನ್ನಷ್ಟು ತೀವ್ರವಾಗುತ್ತದೆ. ಈ ಸುತ್ತಿನೊಳಗೆ ಹೆಂಡತಿಯೂ ಸಿಕ್ಕಿಕೊಳ್ಳುತ್ತಾಳೆ. ಗಂಡ ಗಡಿಯಲ್ಲಿದ್ದಷ್ಟು ವರ್ಷ ತೋಟ, ಮಕ್ಕಳು, ಅತ್ತೆ-ಮಾವ ಎಲ್ಲವನ್ನೂ ಒಬ್ಬಳೇ ನೋಡಿಕೊಂಡವಳು ಅವಳು. ಆದ್ದರಿಂದ ಈ ನೋವಿಗೆ ಚಿಕಿತ್ಸೆ ಕೊಡುವಾಗ ಮನೆಯವರನ್ನೂ ಎದುರಿಗೆ ಕೂರಿಸಿಕೊಳ್ಳಬೇಕು, ಅದೂ ತಾಲ್ಲೂಕಿನಲ್ಲೇ ಆಗಬೇಕು ಎಂಬುದು ನನ್ನ ವಾದ.

ಪಿಂಚಣಿ ಇದೆಯಲ್ಲ, 2003ರಿಂದ ಮಾಜಿ ಸೈನಿಕರ ಆರೋಗ್ಯ ಯೋಜನೆಯೂ ಇದೆಯಲ್ಲ ಎನ್ನುವವರಿದ್ದಾರೆ. ಇವೆ, ಬೇಕು ಕೂಡ. ಆದರೆ ಅಂಗವೈಕಲ್ಯ ಪಿಂಚಣಿಯ ಲೆಕ್ಕ ನಡೆಯುವುದು ಶೇಕಡಾವಾರಿನಲ್ಲಿ. ಹೆಂಡತಿ ನಿದ್ದೆಗೆಟ್ಟ ರಾತ್ರಿಗಳು ಆ ಲೆಕ್ಕಕ್ಕೆ ಬರುವುದಿಲ್ಲ. ಇನ್ನು ಚಿಕಿತ್ಸೆಗೆಂದರೆ, ನೌಕಾಪಡೆಯ ಪತಂಜಲಿ ಆಸ್ಪತ್ರೆ ಇರುವುದು ಕಾರವಾರದಲ್ಲಿ. ಶಿರಸಿ ತಾಲ್ಲೂಕಿನ ಹೆಗಡೆಕಟ್ಟಾದ ಕಡೆಯಿಂದ ಘಟ್ಟ ಇಳಿದು ಅಷ್ಟು ದೂರ ಬಸ್ಸಿನಲ್ಲಿ ಕೂರುವುದೇ ಬೆನ್ನುನೋವಿನವರಿಗೆ ದೊಡ್ಡ ಶಿಕ್ಷೆ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಸಿಗುತ್ತದೆ, 2023ರಲ್ಲಿ ಪುಣೆಯಲ್ಲಿ ಸೇನೆಗೆಂದೇ ಅದರ ಘಟಕವೂ ಶುರುವಾಗಿದೆ. ಮಾತಿಗೆ ಅದು ಆಸರೆ. ಬೆನ್ನು ಮುಟ್ಟಿ ನೋಡಲು ಫೋನಿಗೆ ಆಗದು. ನೋವು ಸಹಿಸುವುದೇ ಸೈನಿಕನ ಗುಣ ಎಂಬ ಮಾತನ್ನಂತೂ ನಾನು ಒಪ್ಪಲಾರೆ. ರಣರಂಗದಲ್ಲಿ ಜೀವ ಉಳಿಸಿದ ಆ ಅಭ್ಯಾಸ ಮನೆಯಲ್ಲಿ ಚಿಕಿತ್ಸೆಯನ್ನು ಮುಂದೂಡುತ್ತದೆ, ಅಷ್ಟೇ.

ಕೊಡಗಿನಂತೆ ನಮ್ಮ ಉತ್ತರ ಕನ್ನಡದಲ್ಲಿ ಮನೆಮನೆಗೆ ಸೈನಿಕರಿಲ್ಲ, ಇಷ್ಟು ಜನರಿಗೆ ಪ್ರತ್ಯೇಕ ವ್ಯವಸ್ಥೆ ಯಾಕೆ ಎಂಬ ಪ್ರಶ್ನೆಗೆ ತೂಕವಿದೆ. ಆದರೆ ಕೊಡಗಿನಲ್ಲಿ ಪಕ್ಕದ ಮನೆಯವರಿಗೆ ಈ ಕಷ್ಟ ಗೊತ್ತಿರುತ್ತದೆ; ಇಲ್ಲಿಯ ಕುಟುಂಬ ಒಂಟಿ. ಹೊಸ ಆಸ್ಪತ್ರೆಯೇನೂ ಬೇಕಿಲ್ಲ. ಮನೋವೈದ್ಯರನ್ನು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಕರೆತರುವ ಮನೋಚೈತನ್ಯ ಕಾರ್ಯಕ್ರಮ ರಾಜ್ಯದಲ್ಲಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ತಿಂಗಳಿಗೊಂದು ಮಂಗಳವಾರ ಫಿಸಿಯೋಥೆರಪಿಸ್ಟರನ್ನೂ ಜತೆಗೆ ಕೂರಿಸಿ, ಮಾಜಿ ಸೈನಿಕರನ್ನು ಮನೆಯವರೊಡನೆ ಕರೆಯಲಿ. ಜಿಲ್ಲಾ ಆರೋಗ್ಯ ಇಲಾಖೆ ಮನಸ್ಸು ಮಾಡಿದರೆ ಇದಕ್ಕೆ ಒಂದು ಸುತ್ತೋಲೆ ಸಾಕು.