ಹಡಗನ್ನು ಎತ್ತುವ ನೀರು ಯಾರದು?

ಮಲೆನಾಡಿನ ಕೃಷಿಕರಿಗೆ ಪನಾಮಾ ಎಂಬ ಹೆಸರು ಹೊಸದಲ್ಲ. ಬಾಳೆಯ ಗಿಡ ಹಳದಿಯಾಗಿ, ಎಲೆ ಜೋತು ಬಿದ್ದು, ಬುಡದಲ್ಲಿ ಸೀಳಿ ಒಣಗಿಹೋದಾಗ ಅದು ಪನಾಮಾ ಸೊರಗು ರೋಗವೆಂದು ನಾವು ಗುರುತಿಸುತ್ತೇವೆ. ನಂಜನಗೂಡು ರಸಬಾಳೆಯನ್ನು ಅಳಿವಿನ ಅಂಚಿಗೆ ತಳ್ಳಿದ ರೋಗವಿದು. ಮಧ್ಯ ಅಮೆರಿಕದ ಆ ಪುಟ್ಟ ದೇಶದ ತೋಟಗಳನ್ನು ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ನೆಲಸಮ ಮಾಡಿದ್ದರಿಂದ ಅದಕ್ಕೆ ಆ ಹೆಸರು ಅಂಟಿಕೊಂಡಿತು. ಆದರೆ ಈ ಬಾರಿ ಪನಾಮಾ ನಮ್ಮೂರಿಗೆ ಬಂದದ್ದು ರೋಗದ ರೂಪದಲ್ಲಲ್ಲ, ಪ್ರವಾಸದ ಪಟ್ಟಿಯ ರೂಪದಲ್ಲಿ.

ನೆರೆಯ ಊರಿನ ಹಿರಿಯ ಕೃಷಿಕರೊಬ್ಬರು ಕಳೆದ ತಿಂಗಳು ನಮ್ಮ ಮನೆಗೆ ಬಂದರು. ಅಮೆರಿಕದಲ್ಲಿರುವ ಮಗ ತಂದೆತಾಯಿಗಳನ್ನು ವಿಹಾರ ಹಡಗಿನಲ್ಲಿ ಪನಾಮಾ ಕಾಲುವೆಗೆ ಕರೆದೊಯ್ಯಲು ನಿಶ್ಚಯಿಸಿದ್ದಾನೆ. ಹಡಗಿನ ಕಂಪನಿಯು ದಡದಲ್ಲಿ ನೋಡಬಹುದಾದ ಸ್ಥಳಗಳ ಪಟ್ಟಿಯನ್ನು ಕಳುಹಿಸಿದೆ. ಅದನ್ನು ಮೇಜಿನ ಮೇಲಿಟ್ಟು, “ತಮ್ಮಾ, ಇದರಲ್ಲಿ ಯಾವುದಕ್ಕೆ ಗುರುತು ಹಾಕಲಿ? ನನಗಂತೂ ಎಲ್ಲವೂ ಒಂದೇ ಥರ ಕಾಣಿಸುತ್ತದೆ” ಎಂದರು. ಅವರ ಬಾಲ್ಯದ ಮನೆ, ಗದ್ದೆ, ಅಡಿಕೆ ತೋಟಗಳು 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಡಿ ಇವೆ. ಆದ್ದರಿಂದಲೇ ಆ ಪಟ್ಟಿಯನ್ನು ಬೇರೊಂದು ದೃಷ್ಟಿಯಿಂದ ನೋಡಬೇಕೆನಿಸಿತು. ಅಂದು ಅವರಿಗೆ ಹೇಳಿದ ಮಾತುಗಳನ್ನೇ ಇಲ್ಲಿ ವಿಸ್ತರಿಸಿ ಬರೆಯುತ್ತಿದ್ದೇನೆ. ನಮ್ಮ ವಿದ್ಯಾರ್ಥಿಗಳು ಮುಂದೊಂದು ದಿನ ಅಲ್ಲಿಗೆ ಹೋಗಬಹುದು. ಹೋಗದಿದ್ದರೂ ತಿಳಿದಿರಬೇಕಾದ ಸಂಗತಿ ಇದರಲ್ಲಿದೆ.

ಮೊದಲು ತಿಳಿಯಬೇಕಾದದ್ದು ಹಡಗಿನ ಯಾನದ ಬಗೆ. ಕಾಲುವೆಯನ್ನು ಪೂರ್ತಿ ದಾಟುವ ಯಾನ ಒಂದು. ಅಟ್ಲಾಂಟಿಕ್ ಕಡೆಯಿಂದ ಪೆಸಿಫಿಕ್ ಕಡೆಗೆ ಸುಮಾರು 80 ಕಿಲೋಮೀಟರು ಸಾಗಲು ಹಗಲಿನ ಬಹುಪಾಲು ಬೇಕು. ಆ ದಿನ ಪ್ರಯಾಣಿಕರು ಹಡಗಿನಿಂದ ಇಳಿಯುವುದಿಲ್ಲ. ಎರಡನೆಯದು ಅರ್ಧ ಯಾನ. ಹಡಗು ಗಟೂನ್ ಸರೋವರದವರೆಗೆ ಏರಿ, ಅಲ್ಲಿ ದೋಣಿಗಳಲ್ಲಿ ಪ್ರಯಾಣಿಕರನ್ನು ದಡಕ್ಕೆ ಇಳಿಸಿ, ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಇಳಿದವರು ಸಂಜೆ ಕೊಲೋನ್ ಬಂದರಿನಲ್ಲಿ ಮತ್ತೆ ಹಡಗು ಹತ್ತುತ್ತಾರೆ. ಯಂತ್ರದ ವೈಭವವನ್ನಷ್ಟೇ ನೋಡಬೇಕೆಂದರೆ ಮೊದಲನೆಯದು ಸಾಕು. ನೆಲವನ್ನೂ ಕಾಡನ್ನೂ ಜನರನ್ನೂ ಕಾಣಬೇಕೆಂದಿದ್ದರೆ ಎರಡನೆಯದೇ ಲೇಸು. ಅಥವಾ ಯಾನದ ಮೊದಲೋ ಕೊನೆಗೋ ಪನಾಮಾ ನಗರದಲ್ಲಿ ಎರಡು ದಿನ ಉಳಿಯಬೇಕು.

ಇನ್ನು ಕಾಲುವೆ ಕೆಲಸ ಮಾಡುವ ಬಗೆ. ಎರಡು ಸಮುದ್ರಗಳನ್ನು ಸಮತಟ್ಟಾಗಿ ಜೋಡಿಸಿದ ಕಂದಕವೆಂದು ಅನೇಕರು ಭಾವಿಸಿದ್ದಾರೆ. ವಾಸ್ತವದಲ್ಲಿ ಅದು ನೀರಿನ ಮೆಟ್ಟಿಲು. ಲಾಕ್ ಎಂದು ಕರೆಯುವ ಕಾಂಕ್ರೀಟು ಕೋಣೆಯೊಳಗೆ ಹಡಗು ಬಂದು ನಿಂತಾಗ ಬಾಗಿಲು ಮುಚ್ಚುತ್ತದೆ, ಮೇಲಿನ ಸರೋವರದ ನೀರು ತನ್ನ ಭಾರದಿಂದಲೇ ಇಳಿದು ಕೋಣೆ ತುಂಬುತ್ತದೆ, ಹಡಗು ಮೇಲೇರುತ್ತದೆ. ಇದಕ್ಕೆ ಪಂಪು ಬೇಡ. ಗಟೂನಿನಲ್ಲಿ ಮೂರು ಮೆಟ್ಟಿಲು ಹತ್ತಿದ ಹಡಗು ಸಮುದ್ರಮಟ್ಟದಿಂದ 26 ಮೀಟರು ಎತ್ತರದ ಸರೋವರವನ್ನು ಸೇರುತ್ತದೆ. ಆಚೆ ಕಡೆ ಪೆದ್ರೊ ಮಿಗೆಲ್‌ನಲ್ಲಿ ಒಂದು, ಮಿರಾಫ್ಲೋರೆಸ್‌ನಲ್ಲಿ ಎರಡು ಮೆಟ್ಟಿಲು ಇಳಿಯುತ್ತದೆ. ಹಳೆಯ ಲಾಕ್‌ಗಳಲ್ಲಿ ಹಡಗೊಂದು ದಾಟುವಾಗ ಸುಮಾರು 20 ಕೋಟಿ ಲೀಟರು ಸಿಹಿನೀರು ಸಮುದ್ರದ ಪಾಲಾಗುತ್ತದೆ. ಇದು 50 ಎಕರೆ ಗದ್ದೆಯ ಮೇಲೆ ಒಂದು ಮೀಟರು ಎತ್ತರ ನಿಲ್ಲುವಷ್ಟು ನೀರು. 2016ರ ಜೂನ್‌ನಲ್ಲಿ ತೆರೆದ ದೊಡ್ಡ ಲಾಕ್‌ಗಳ ಪಕ್ಕದಲ್ಲಿ ತೊಟ್ಟಿಗಳನ್ನು ಕಟ್ಟಿ ಪ್ರತಿ ಬಾರಿಯ ನೀರಿನಲ್ಲಿ ಶೇಕಡಾ 60ರಷ್ಟನ್ನು ಮರುಬಳಸುತ್ತಾರೆ. ಉಳಿದದ್ದು ಅಲ್ಲಿಯೂ ಸಮುದ್ರಕ್ಕೇ.

ಈ ನೀರು ಬರುವುದೆಲ್ಲಿಂದ? ಚಾಗ್ರೆಸ್ ನದಿಗೆ ಗಟೂನಿನಲ್ಲಿ ಮಣ್ಣಿನ ಅಣೆಕಟ್ಟು ಕಟ್ಟಿ, 1913ರಲ್ಲಿ ಸುಮಾರು 425 ಚದರ ಕಿಲೋಮೀಟರಿನ ಸರೋವರ ನಿರ್ಮಿಸಲಾಯಿತು. 1914ರ ಆಗಸ್ಟ್ 15ರಂದು ಕಾಲುವೆ ತೆರೆಯಿತು. ನದಿಯ ಮೇಲ್ಭಾಗದಲ್ಲಿ 1935ರಲ್ಲಿ ಇನ್ನೊಂದು ಅಣೆಕಟ್ಟು ಬಂದಿತು. ಆ ದೇಶದ ಅರ್ಧಕ್ಕೂ ಹೆಚ್ಚು ಜನ ಕುಡಿಯುವುದೂ ಈ ಎರಡು ಜಲಾಶಯಗಳ ನೀರನ್ನೇ. ಎರಡನ್ನೂ ತುಂಬುವುದು ಸುತ್ತಲಿನ ಬೆಟ್ಟಗಳ ಮಳೆ. ಆ ಮಳೆಯನ್ನು ಹಿಡಿದಿಟ್ಟು ಬೇಸಿಗೆಗೆ ಒದಗಿಸುವುದು ಕಾಡು. ಸ್ಮಿತ್ಸೋನಿಯನ್ ಸಂಸ್ಥೆಯ ವಿಜ್ಞಾನಿಗಳು ಈ ಜಲಾನಯನ ಪ್ರದೇಶದಲ್ಲಿ ಕಾಡಿನ ಹಳ್ಳವನ್ನೂ ಹುಲ್ಲುಗಾವಲಿನ ಹಳ್ಳವನ್ನೂ ಅಳೆದು ಹೋಲಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಜಡಿಮಳೆಯಲ್ಲಿ ಕಾಡಿನ ಹಳ್ಳ ಅಷ್ಟಾಗಿ ಉಕ್ಕುವುದಿಲ್ಲ, ಬೇಸಿಗೆಯಲ್ಲಿ ಬೇಗ ಬತ್ತುವುದೂ ಇಲ್ಲ. ನಮ್ಮ ಹಿರಿಯರು ಅಳತೆಯಿಲ್ಲದೆ ಬಲ್ಲ ಮಾತು ಅಲ್ಲಿ ಅಂಕಿಗಳಲ್ಲಿ ಸಿದ್ಧವಾಯಿತು.

ಆದ್ದರಿಂದ ಪಟ್ಟಿಗೆ ಗುರುತು ಹಾಕುವಾಗ ಯಂತ್ರದ ಕಡೆಯಿಂದಲ್ಲ, ನೀರಿನ ಕಡೆಯಿಂದ ಆರಂಭಿಸೋಣ ಎಂದು ಆ ಹಿರಿಯರಿಗೆ ಹೇಳಿದೆ. ಲಾಕ್‌ಗಳನ್ನು ಹೇಗೂ ಹಡಗಿನ ಮೇಲಿಂದಲೇ ನೋಡಬಹುದು. ಬೆಳಗಾಗುವ ಮೊದಲೇ ಮುಂಭಾಗದ ಅಟ್ಟಕ್ಕೆ ಹೋಗಿ ನಿಂತರಾಯಿತು. ಹಣ ತೆತ್ತು ಅದನ್ನೇ ಮತ್ತೆ ನೋಡುವ ಅಗತ್ಯವಿಲ್ಲ. ದಡಕ್ಕಿಳಿದರೆ ಗಟೂನಿನ ಸಮೀಪದ ಆಗುವಾ ಕ್ಲಾರಾ ವೀಕ್ಷಣಾಲಯಕ್ಕೆ ಹೋಗಬಹುದು. ಅಲ್ಲಿ ಹೊಸ ಲಾಕ್ ಒಂದು ಕಡೆ, ಸರೋವರ ಇನ್ನೊಂದು ಕಡೆ ಕಾಣುತ್ತವೆ. ಸರೋವರದಲ್ಲಿ ಸಣ್ಣ ದೋಣಿಯ ಪ್ರವಾಸವಿದ್ದರೆ ಅದನ್ನೂ ಆಯ್ದುಕೊಳ್ಳಬಹುದು. ಅಲ್ಲಿನ ದ್ವೀಪಗಳೆಲ್ಲ ಮುಳುಗಿದ ಬೆಟ್ಟಗಳ ನೆತ್ತಿಗಳು.

ಆ ದ್ವೀಪಗಳಲ್ಲಿ ಬಾರೊ ಕೊಲೊರಾಡೊ ಹೆಸರಾಂತದ್ದು. 1923ರಿಂದ ಸಂರಕ್ಷಿತವಾದ ಈ ನೆತ್ತಿಯ ಮೇಲೆ 1980ರ ದಶಕದ ಆರಂಭದಲ್ಲಿ 50 ಹೆಕ್ಟೇರು ಕಾಡನ್ನು ಗುರುತಿಸಿ, ಒಂದು ಸೆಂಟಿಮೀಟರಿಗಿಂತ ದಪ್ಪನೆಯ ಪ್ರತಿಯೊಂದು ಗಿಡವನ್ನೂ ಎಣಿಸಿ ಅಳೆದು ಪಟ್ಟಿ ಮಾಡಿದರು. ಅದೇ ಮಾದರಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ಬಂಡೀಪುರದ ನೆರೆಯ ಮುದುಮಲೈಯಲ್ಲಿ 1988ರಲ್ಲಿ 50 ಹೆಕ್ಟೇರಿನ ಅಧ್ಯಯನ ಕ್ಷೇತ್ರ ಆರಂಭಿಸಿದರು. ನಮ್ಮ ಘಟ್ಟದ ಕಾಡಿಗೂ ಆ ದ್ವೀಪಕ್ಕೂ ಹೀಗೊಂದು ನಂಟಿದೆ. ಆದರೆ ಈ ದ್ವೀಪ ಹಡಗಿನವರ ಪಟ್ಟಿಯಲ್ಲಿ ಸಾಮಾನ್ಯವಾಗಿ ಸಿಗದು. ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿ ಮುಂಚಿತವಾಗಿ ಹೆಸರು ನೋಂದಾಯಿಸಿ, ಗಂಬೋವಾದಿಂದ ಬೆಳಗ್ಗೆ ದೋಣಿ ಹಿಡಿಯಬೇಕು. ವಿದ್ಯಾರ್ಥಿಗಳಿಗೆ ಇದಕ್ಕಿಂತ ಸಾರ್ಥಕವಾದ ದಿನ ಆ ಯಾತ್ರೆಯಲ್ಲಿ ಇನ್ನೊಂದಿಲ್ಲ.

ಚಾಗ್ರೆಸ್ ನದಿಯಲ್ಲಿ ಮರದ ದೋಣಿಯಲ್ಲಿ ಸಾಗಿ ಎಂಬೆರಾ ಆದಿವಾಸಿಗಳ ಹಳ್ಳಿಗೆ ಹೋಗುವ ಪ್ರವಾಸವೂ ಪಟ್ಟಿಯಲ್ಲಿರುತ್ತದೆ. ಕುಣಿತ, ಬುಟ್ಟಿ ಹೆಣಿಗೆ, ಬಾಳೆಕಾಯಿ-ಮೀನಿನ ಊಟ ಇವೆಲ್ಲ ಅಲ್ಲಿ ಸಿಗುತ್ತವೆ. ಇದನ್ನು ಬಿಡಬೇಕಿಲ್ಲ, ಆದರೆ ಹಿನ್ನೆಲೆ ಅರಿತು ಹೋಗಬೇಕು. ದಾರಿಯೆನ್ ಪ್ರಾಂತ್ಯದಿಂದ ಬಂದು ನೆಲೆಸಿದ ಈ ಕುಟುಂಬಗಳಿಗೆ, 1980ರ ದಶಕದಲ್ಲಿ ಕಾಲುವೆಯ ನೀರನ್ನು ಕಾಯಲೆಂದು ಚಾಗ್ರೆಸ್ ರಾಷ್ಟ್ರೀಯ ಉದ್ಯಾನ ಘೋಷಣೆಯಾದ ಮೇಲೆ ಬೇಟೆ, ಬೇಸಾಯಗಳ ಮೇಲೆ ನಿರ್ಬಂಧ ಬಂದಿತು. ಪ್ರವಾಸಿಗರ ಮುಂದೆ ಕುಣಿಯುವುದು ಅನಂತರದ ಜೀವನೋಪಾಯ. ಕಾಡಂಚಿನ ನಮಗೆ ಇದು ಬಿಡಿಸಿ ಹೇಳಬೇಕಾದ ಸಂಗತಿಯಲ್ಲ. ಬುಟ್ಟಿಯನ್ನು ಹೆಣೆದವರ ಕೈಯಿಂದಲೇ ಕೊಳ್ಳಿರಿ, ಚೌಕಾಸಿ ಮಾಡಬೇಡಿರಿ, ಫೋಟೋ ತೆಗೆಯುವ ಮುನ್ನ ಕೇಳಿರಿ.

ದಾರಿಯುದ್ದಕ್ಕೂ ಆಳೆತ್ತರದ ಹುಲ್ಲು ಕಂಡರೆ ಗಮನಿಸಿ ನೋಡಿರಿ. ಅದು ಏಷ್ಯಾ ಮೂಲದ ಕಾಡುಕಬ್ಬು. ಕೊಯಮತ್ತೂರಿನಲ್ಲಿ ನಮ್ಮ ಹೆಸರಾಂತ ಕಬ್ಬಿನ ತಳಿಗಳನ್ನು ಬೆಳೆಸುವಾಗ ಸಂಕರಕ್ಕೆ ಬಳಸಿದ ಅದೇ ಸಸ್ಯ ಅಲ್ಲಿ ಪಾಳು ನೆಲವನ್ನೆಲ್ಲ ಆಕ್ರಮಿಸಿ, ಬೆಂಕಿಗೆ ಇಂಧನವಾಗಿ, ಕಾಡು ಮರಳಿ ಬೆಳೆಯದಂತೆ ತಡೆದಿದೆ.

ಆರೋಗ್ಯದ ಮಾತೂ ಮುಖ್ಯ. ಪನಾಮಾ ನೆಲದಿಂದ ಆರು ದಿನಗಳೊಳಗೆ ಭಾರತಕ್ಕೆ ಮರಳುವವರಲ್ಲಿ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರವಿರಬೇಕು; ಲಸಿಕೆಯನ್ನು ಕನಿಷ್ಠ ಹತ್ತು ದಿನ ಮೊದಲೇ ಹಾಕಿಸಬೇಕು. ಅರವತ್ತು ದಾಟಿದವರು ವೈದ್ಯರ ಸಲಹೆ ಪಡೆದೇ ಹಾಕಿಸಿಕೊಳ್ಳತಕ್ಕದ್ದು. 1880ರ ದಶಕದಲ್ಲಿ ಫ್ರೆಂಚರು ಕಾಲುವೆ ತೋಡಲು ಹೊರಟಾಗ ಈ ಜ್ವರಕ್ಕೂ ಮಲೇರಿಯಾಕ್ಕೂ ಸುಮಾರು 20,000 ಜೀವಗಳು ಬಲಿಯಾದವೆಂಬ ಅಂದಾಜಿದೆ. ಅನಂತರ ಅಮೆರಿಕನ್ನರ ಕಾಲದಲ್ಲಿ ದಾಖಲಾದ ಸಾವುಗಳು 5,609. ಕೂಲಿಗಳಲ್ಲಿ ಬಹುಪಾಲು ಬಾರ್ಬಡೋಸ್ ಮೊದಲಾದ ದ್ವೀಪಗಳಿಂದ ಬಂದ ಕಪ್ಪು ಜನ.

ಇಷ್ಟು ಹೇಳಿದಾಗ ಆ ಹಿರಿಯರು ಕೇಳಿದ್ದು ಒಂದೇ ಪ್ರಶ್ನೆ: “ಆ ಸರೋವರದಡಿ ಊರುಗಳಿರಲಿಲ್ಲವೇ?”

ಇದ್ದವು. ಗಟೂನ್, ಗೊರ್ಗೋನಾ, ಮಟಚೀನ್ ಮುಂತಾದ ಹಳೆಯ ಪೇಟೆಗಳು ಚಾಗ್ರೆಸ್ ದಂಡೆಯಲ್ಲಿದ್ದವು. ಎಲ್ಲವೂ ನೀರಿನಡಿ ಹೋದವೆಂದೇ ಲೋಕ ಬಹುಕಾಲ ನಂಬಿತ್ತು. ಕಾಲುವೆಯ ವಲಯದಿಂದ ಸ್ಥಳೀಯ ಜನರನ್ನು ತೆರವುಗೊಳಿಸಿದ್ದು ನೀರಲ್ಲ, ಬಹುಮಟ್ಟಿಗೆ ಸರ್ಕಾರದ ಆಜ್ಞೆ ಎಂಬುದನ್ನು ಪನಾಮಾದ ಇತಿಹಾಸಕಾರ್ತಿ ಮರಿಕ್ಸಾ ಲಾಸೊ 2019ರ ತಮ್ಮ ಗ್ರಂಥದಲ್ಲಿ ತೋರಿಸಿಕೊಟ್ಟರು. ಮುಳುಗಡೆಯ ಲೆಕ್ಕದಲ್ಲಿ ಮುಳುಗದವರನ್ನೂ ಸೇರಿಸಿ ಮರೆತುಬಿಡುವುದು ಆಡಳಿತಗಳಿಗೆ ಹಳೆಯ ಅಭ್ಯಾಸ.

ಮತ್ತು ಅದು ಹಳೆಯ ಕಥೆಯಾಗಿ ಮುಗಿದಿಲ್ಲ. 2023ರಲ್ಲಿ ಎಲ್ ನಿನೋ ಪ್ರಭಾವದಿಂದ ಮಳೆ ಕೈಕೊಟ್ಟಿತು. ಆ ವರ್ಷದ ಅಕ್ಟೋಬರ್ 1950ರಿಂದೀಚಿನ ಅತ್ಯಂತ ಒಣ ಅಕ್ಟೋಬರ್ ಎನಿಸಿತು. ದಿನಕ್ಕೆ 36ರಷ್ಟು ಹಡಗುಗಳು ದಾಟುತ್ತಿದ್ದ ಕಾಲುವೆಯಲ್ಲಿ ಡಿಸೆಂಬರಿನ ಹೊತ್ತಿಗೆ 22ಕ್ಕೆ ಮಾತ್ರ ಅವಕಾಶ. 2024ರಲ್ಲಿ ಮಳೆ ಬಂದು ಸ್ಥಿತಿ ಸುಧಾರಿಸಿತು. ಆದರೆ ಭಯ ಉಳಿಯಿತು. ಪರಿಹಾರವೆಂದು ಕಂಡದ್ದು ಮತ್ತೊಂದು ನದಿ. ಪಶ್ಚಿಮದ ಇಂಡಿಯೊ ನದಿಗೆ ಅಣೆಕಟ್ಟು ಕಟ್ಟಿ, ಸುರಂಗದ ಮೂಲಕ ನೀರನ್ನು ಗಟೂನಿಗೆ ತರುವ ಯೋಜನೆಗೆ 2024ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪೊಂದು ದಾರಿ ತೆರೆಯಿತು. ಸುಮಾರು 2,000 ಜನ ನೆಲೆ ಕಳೆದುಕೊಳ್ಳಬೇಕಾಗುತ್ತದೆ. ಕಾಮಗಾರಿಯನ್ನು 2027ರಲ್ಲಿ ಆರಂಭಿಸುವ ಉದ್ದೇಶವನ್ನು ಕಾಲುವೆಯ ಪ್ರಾಧಿಕಾರ ಪ್ರಕಟಿಸಿದೆ. ಅಲ್ಲಿನ ರೈತರು 2025ರಲ್ಲಿ ತಮ್ಮ ದೋಣಿಗಳಲ್ಲೇ ನದಿಯ ಮೇಲೆ ಮೆರವಣಿಗೆ ಹೊರಟು ಪ್ರತಿಭಟಿಸಿದರು. ಪುನರ್ವಸತಿ, ಪರಿಹಾರ, ಉದ್ಯೋಗ ಎಂಬ ಪದಗಳು ಅಲ್ಲಿಯೂ ಕೇಳಿಬರುತ್ತಿವೆ.

ಕುಡಿಯುವ ನೀರು ಅರ್ಧ ದೇಶಕ್ಕೆ ಬೇಕು, ಕಾಲುವೆಯ ಆದಾಯ ಆ ದೇಶಕ್ಕೆ ಆಧಾರ ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಒಂದು ಶತಮಾನದ ಹೋರಾಟದ ಬಳಿಕ 1999ರ ಡಿಸೆಂಬರ್ 31ರಂದು ತಮ್ಮ ಕಾಲುವೆಯನ್ನು ತಾವೇ ಪಡೆದ ಜನ ಅವರು. ಆದರೆ ಹಡಗಿನ ಸರದಿಯನ್ನು ಕಾಪಾಡಲು ಮೊದಲು ಏನನ್ನು ಬಿಡಬೇಕು ಎಂಬ ಪ್ರಶ್ನೆಗೆ ನದಿಯ ದಂಡೆಯ ಬೇಸಾಯಗಾರನೇ ಏಕೆ ಯಾವಾಗಲೂ ಉತ್ತರವಾಗಬೇಕು? ಹಳೆಯ ಲಾಕ್‌ಗಳಲ್ಲಿ ವ್ಯರ್ಥವಾಗುವ ನೀರನ್ನು ಉಳಿಸುವುದು, ಜಲಾನಯನದ ಕಾಡನ್ನು ಬೆಳೆಸುವುದು, ನಗರದ ಸೋರುವ ಕೊಳವೆಗಳನ್ನು ಸರಿಪಡಿಸುವುದು ಇವುಗಳನ್ನು ಮೊದಲು ಕೇಳಬೇಕಾದವರು ಕಾಲುವೆಯ ಲಾಭ ಪಡೆಯುವವರು. ವಿಹಾರ ಹಡಗಿನ ಪ್ರಯಾಣಿಕನೂ ಅವರಲ್ಲೊಬ್ಬ.

ಜೋಗ ನೋಡಲು ನಮ್ಮಲ್ಲಿಗೂ ಪ್ರವಾಸಿಗರು ಬರುತ್ತಾರೆ. ನೀರು ಎಷ್ಟಿದೆ, ಊಟ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾರೆ. ಈ ನೀರು ಕಟ್ಟಿದಾಗ ನಿಮ್ಮ ಮನೆ ಎಲ್ಲಿತ್ತು, ಕೊಟ್ಟ ಭೂಮಿಗೆ ಹಕ್ಕುಪತ್ರ ಬಂದಿತೇ ಎಂದು ಕೇಳುವವರು ಅಪರೂಪ. ಯಾರೂ ಕೇಳದ ಆ ಪ್ರಶ್ನೆಯ ನೋವು ನಮಗೆ ಗೊತ್ತು. ಗೊತ್ತಿರುವ ನಾವು ಇನ್ನೊಬ್ಬರ ನದಿಗೆ ಹೋದಾಗ ಅದನ್ನು ಕೇಳದೆ ಬಂದರೆ ಅದು ದೊಡ್ಡ ತಪ್ಪು.

ಆ ಹಿರಿಯರು ಪಟ್ಟಿಯಲ್ಲಿ ಎರಡಕ್ಕೆ ಗುರುತು ಹಾಕಿದರು: ಸರೋವರದ ದೋಣಿ ಮತ್ತು ಎಂಬೆರಾ ಹಳ್ಳಿ. ಉಳಿದ ಹಣ ಬುಟ್ಟಿಗೆ ಎಂದರು. ಹೊರಡುವಾಗ, “ದೋಣಿಯವನಿಗೆ ಯಾವ ಭಾಷೆ ಬರುತ್ತದೆ?” ಎಂದು ಕೇಳಿದರು. ಸ್ಪ್ಯಾನಿಷ್ ಎಂದೆ. “ಹಾಗಾದರೆ ‘ಈ ನೀರಿನಡಿ ಯಾವ ಊರಿತ್ತು’ ಎಂಬುದನ್ನು ಮಗನಿಂದ ಆ ಭಾಷೆಯಲ್ಲಿ ಬರೆಸಿಕೊಂಡು ಹೋಗುತ್ತೇನೆ” ಎಂದರು. ಪ್ರವಾಸ ಹೊರಡುವ ಪ್ರತಿಯೊಬ್ಬರ ಕಿಸೆಯಲ್ಲೂ ಅಂಥದೊಂದು ಚೀಟಿ ಇರಲಿ.